ಮನೆಯಲ್ಲೇ ಲಗ್ನಪತ್ರಿಕೆ ಮಾಡ್ಕೊಳ್ಳೋ ಯೋಚನೆ ಇದೆಯಾ? ಕಾಗದ, ಖರ್ಚು, ಅಂಚೆ, ಕಾನೂನು: ಮೊದಲು ಇಷ್ಟು ತಿಳ್ಕೊಳ್ಳಿ

ಕೊಟ್ಟೂರು: ಮದುವೆ ನಿಶ್ಚಯ ಆದ ಮನೆಯಲ್ಲಿ ಮೊದಲ ಓಡಾಟ ಲಗ್ನಪತ್ರಿಕೆದು. ಪ್ರೆಸ್‌ನವರು ಆಲ್ಬಂ ತೆಗೆದು ಮುಂದಿಡ್ತಾರೆ. ಹತ್ತು ಹಾಳೆ ತಿರುವಿ ಹಾಕೋದ್ರೊಳಗೆ ಸಾದಾ ಕಾರ್ಡ್ ಬೇಡ ಅನ್ಸುತ್ತೆ. ಚಿನ್ನದ ಬಣ್ಣದ ಫಾಯಿಲ್, ವೆಲ್ವೆಟ್, ಒಳಗೆ ಮೂರು ಮಡಿಕೆ. ಮದುವೆ ಮುಗಿದ ವಾರಕ್ಕೆ ಅದೇ ಕಾರ್ಡ್ ಗೂಡಲ್ಲಿ ಧೂಳು ತಿಂತಿರುತ್ತೆ, ಇಲ್ಲಾಂದ್ರೆ ದೇವರ ಚಿತ್ರದ ಸಮೇತ ಚರಂಡಿ ಪಕ್ಕ ಬಿದ್ದಿರುತ್ತೆ.

ಇದನ್ನೆಲ್ಲ ಬಿಟ್ಟು ಮನೆಯಲ್ಲೇ ಪತ್ರಿಕೆ ಮಾಡ್ಕೋಬಹುದು. ಅದು ಕಷ್ಟದ ಕೆಲಸ ಅಲ್ಲ. ಆದ್ರೆ ಪ್ರೆಸ್‌ನವರು ನಮ್ಮ ಪರವಾಗಿ ನೋಡ್ತಿದ್ದ ಕೆಲವು ವಿಷಯಗಳನ್ನ ಆಗ ನಾವೇ ನೋಡ್ಬೇಕು.

ಕಾರ್ಡ್ ಎಲ್ಲಿಂದ ಬರುತ್ತೆ

ಕೂಡ್ಲಿಗಿಯಲ್ಲಾಗಲಿ, ಹಡಗಲಿಯಲ್ಲಾಗಲಿ ಪ್ರೆಸ್‌ನವರು ಸಾಮಾನ್ಯವಾಗಿ ಕಾರ್ಡ್ ತಯಾರಿಸೋದಿಲ್ಲ. ಬಣ್ಣ, ಚಿತ್ರ, ಕಟಿಂಗ್ ಮುಗಿದ ಖಾಲಿ ಕಾರ್ಡ್‌ಗಳು ಶಿವಕಾಶಿಯಂಥ ಊರುಗಳಿಂದ ಬರ್ತಾವೆ. ಇಲ್ಲಿ ಹೆಸರು, ಮುಹೂರ್ತ, ಸ್ಥಳದ ಮ್ಯಾಟರ್ ಮಾತ್ರ ಪ್ರಿಂಟ್ ಆಗುತ್ತೆ. ನಾವು ಕೊಡೋ ದುಡ್ಡಲ್ಲಿ ಖಾಲಿ ಕಾರ್ಡಿಗೆ ಎಷ್ಟು, ಸ್ಥಳೀಯ ಪ್ರಿಂಟಿಂಗಿಗೆ ಎಷ್ಟು ಅಂತ ಬಿಡಿಸಿ ಕೇಳಿದ್ರೆ ಲೆಕ್ಕ ಗೊತ್ತಾಗುತ್ತೆ.

ಅದಕ್ಕೇ ಮನೆಯಲ್ಲಿ ಮಾಡ್ಕೊಂಡ್ರೆ ಊರಿನ ಪ್ರೆಸ್‌ಗೆ ಹೊಡೆತ ಅಂತ ಅಂದುಕೊಳ್ಳಬೇಕಿಲ್ಲ. ಮ್ಯಾಟರ್ ಟೈಪ್ ಮಾಡ್ಸೋದು, ಪ್ರಿಂಟ್ ಹಾಕ್ಸೋದು, ಕಟಿಂಗ್ ಮೆಷಿನ್‌ನಲ್ಲಿ ಕತ್ತರಿಸೋದು ಇಲ್ಲೇ ಮಾಡಿಸ್ಬಹುದು. ಡ್ರಾಯಿಂಗ್ ಶೀಟ್, ಅಂಟು, ಸೆಣಬಿನ ದಾರ, ಸ್ಟಾಂಪ್ ಪ್ಯಾಡ್ ಇಲ್ಲಿನ ಅಂಗಡೀಲೇ ಸಿಗ್ತಾವೆ. ಇವಿಷ್ಟನ್ನೂ ಒಂದೇ ಕಡೆ ಜೋಡಿಸಿಟ್ಟು, ಒಂದು ಮಾದರಿ ಪತ್ರಿಕೆ ತೂಗು ಹಾಕಿದ ಸ್ಟೇಷನರಿ ಅಂಗಡಿಗೆ ಸೀಜನ್‌ನಲ್ಲಿ ಗಿರಾಕಿ ಬರ್ತಾರೆ.

ಮೊದಲು ಪಟ್ಟಿ, ಆಮೇಲೆ ಕಾಗದ

ನಮ್ಮ ಕಡೆ ಪತ್ರಿಕೆ ಮನೆಗೊಂದು, ತಲೆಗೊಂದಲ್ಲ. ಆದ್ದರಿಂದ ಹೆಸರು ಬರೆಯೋ ಬದಲು ಮನೆ ಲೆಕ್ಕ ಬರೀರಿ. ಪಟ್ಟಿಯನ್ನ ಎರಡು ಭಾಗ ಮಾಡಿ. ಕುಂಕುಮ ಹಚ್ಚಿ ಕೈಯಾರೆ ಕೊಡಲೇಬೇಕಾದವರು ಒಂದು ಕಡೆ: ಸೋದರಮಾವ, ದೊಡ್ಡಪ್ಪ, ಬೀಗರು, ಓಣಿಯ ಹಿರಿಯರು, ಮಠದ ಅಯ್ಯನವರು. ಫೋನ್ ಮಾಡಿ ವಾಟ್ಸಾಪ್‌ನಲ್ಲಿ ಪತ್ರಿಕೆ ಕಳಿಸಿದ್ರೆ ಬೇಜಾರಾಗದವರು ಇನ್ನೊಂದು ಕಡೆ. ಮೊದಲ ಭಾಗಕ್ಕೆ ಮಾತ್ರ ಕೈಯಿಂದ ಮಾಡಿ.

ಸಮಯದ ಲೆಕ್ಕಾನೂ ಹಾಕಿ. ಮಡಚೋದು, ಅಂಟಿಸೋದು, ಮುದ್ರೆ ಒತ್ತೋದು, ಕವರಿಗೆ ಹಾಕೋದು ಎಲ್ಲ ಸೇರಿ ಒಂದಕ್ಕೆ 5 ನಿಮಿಷ ಅಂದುಕೊಂಡ್ರೆ 300 ಪತ್ರಿಕೆಗೆ 1,500 ನಿಮಿಷ, ಅಂದ್ರೆ 25 ತಾಸು. ಐದು ಜನ ಕೂತ್ರೆ 5 ತಾಸಿನ ಕೆಲಸ. ಒಬ್ಬರ ತಲೆ ಮೇಲೆ ಬಿದ್ರೆ, ಅದು ಹೆಚ್ಚಾಗಿ ಮನೆ ಹೆಣ್ಮಕ್ಕಳ ತಲೆ ಮೇಲೇ ಬೀಳೋದು, ವಾರಗಟ್ಟಲೆ ನಿದ್ದೆ ಕೆಡುತ್ತೆ. ಕೂರೋಕೆ ಜನ ಇಲ್ಲದ ಮನೆಯವರು ಪ್ರೆಸ್‌ನಲ್ಲಿ ಸಾದಾ ಕಾರ್ಡ್ ಮಾಡ್ಸೋದೇ ಒಳ್ಳೇದು.

ಕಾಗದದ ಲೆಕ್ಕ

ಜೆರಾಕ್ಸ್ ಅಂಗಡಿಯ ಮಾಮೂಲಿ ಹಾಳೆ 70 ರಿಂದ 80 ಜಿಎಸ್‌ಎಂ. ಅಂದ್ರೆ ಒಂದು ಚದರ ಮೀಟರ್ ಕಾಗದದ ತೂಕ ಅಷ್ಟು ಗ್ರಾಂ. ಪತ್ರಿಕೆಗೆ 250 ರಿಂದ 300 ಜಿಎಸ್‌ಎಂ ದಪ್ಪ ಬೇಕು. ಒಂದು ಎ4 ಶೀಟ್ ಅರ್ಧಕ್ಕೆ ಕತ್ತರಿಸಿದ್ರೆ ಎರಡು ಪತ್ರಿಕೆ, 300 ಪತ್ರಿಕೆಗೆ 150 ಶೀಟ್. ಕೆಡೋದು ಇದ್ದೇ ಇರುತ್ತೆ, 15 ಶೀಟ್ ಜಾಸ್ತಿ ತಗೊಳ್ಳಿ.

ದಪ್ಪ ಶೀಟು ಸಣ್ಣ ಜೆರಾಕ್ಸ್ ಮೆಷಿನ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಸುಲಭದ ದಾರಿ ಅಂದ್ರೆ, ಮ್ಯಾಟರನ್ನ ಮಾಮೂಲಿ ಹಾಳೆ ಮೇಲೆ ಪ್ರಿಂಟ್ ಹಾಕ್ಸಿ, ಅಳತೆಗೆ ಕತ್ತರಿಸಿ, ದಪ್ಪ ಶೀಟಿನ ಮೇಲೆ ಅಂಟಿಸೋದು. ಪ್ರಿಂಟ್ ಲೇಸರ್ ಇಲ್ಲವೇ ಜೆರಾಕ್ಸ್‌ದೇ ಇರಲಿ. ಇಂಕ್‌ಜೆಟ್ ಪ್ರಿಂಟರಿನ ಶಾಯಿ ಹಸಿ ಅರಿಶಿಣ ತಾಗಿದ್ರೆ ಹರಡಿಕೊಳ್ಳುತ್ತೆ. ಮುಹೂರ್ತದ ಸಾಲಿನ ಮೇಲೇ ಹರಡಿದ್ರೆ ಗತಿ ಏನು?

ಮನೆಯಲ್ಲೇ ಕಾಗದ ಮಾಡೋ ಆಸೆ ಇದ್ರೆ ಅದೂ ಆಗುತ್ತೆ. ಹಳೇ ನೋಟ್‌ಬುಕ್ ಹಾಳೆ ಒಂದು ರಾತ್ರಿ ನೆನೆಸಿ, ರುಬ್ಬಿ, ಸೊಳ್ಳೆ ಜಾಲರಿ ಬಿಗಿದ ಚೌಕಟ್ಟಿನ ಮೇಲೆ ತೆಳ್ಳಗೆ ಹರಡಿ, ಬಟ್ಟೆ ಮೇಲೆ ಬೋರಲು ಹಾಕಿ ನೆರಳಲ್ಲಿ ಒಣಗಿಸ್ಬೇಕು. ಹರಡೋ ಮುಂಚೆ ತುಳಸಿ ಅಥವಾ ಚೆಂಡು ಹೂವಿನ ಬೀಜ ಸೇರಿಸಿದ್ರೆ ಮದುವೆ ಆದ್ಮೇಲೆ ಪತ್ರಿಕೆಯನ್ನ ಕುಂಡದಲ್ಲಿ ಹಾಕ್ಬಹುದು. ಮೆಕ್ಕೆಜೋಳ, ಶೇಂಗಾದಂಥ ದಪ್ಪ ಬೀಜ ನಡೆಯಲ್ಲ. ಈ ಕಾಗದ ಪ್ರಿಂಟರಿಗೆ ಹಾಕ್ಬೇಡಿ. ಇಂಥ ಹಾಳೆ ಹತ್ತಿಪ್ಪತ್ತು ಮಾಡ್ಬಹುದೇ ಹೊರತು 300 ಮಾಡೋಕೆ ಹೋದ್ರೆ ಮದುವೆ ದಿನ ಬಂದ್ರೂ ಮುಗಿಯಲ್ಲ.

ಮಾಡೋ ವಿಧಾನ

ಮಡಿಕೆ: ದಪ್ಪ ಶೀಟು ನೇರವಾಗಿ ಮಡಚಿದ್ರೆ ಬಿರುಕು ಬಿಡುತ್ತೆ. ಸ್ಕೇಲ್ ಇಟ್ಟು, ಶಾಯಿ ಮುಗಿದ ಪೆನ್ನಿನ ತುದಿಯಿಂದ ಒಂದು ಗೆರೆ ಒತ್ತಿ, ಆಮೇಲೆ ಮಡಚಿ.

ಅಂಟು: ನೀರಿನಂಶ ಇರೋ ಬಿಳಿ ಅಂಟು ಜಾಸ್ತಿ ಆದ್ರೆ ತೆಳು ಹಾಳೆ ಸುಕ್ಕಾಗುತ್ತೆ. ಅಂಚಿಗೆ ಮಾತ್ರ ತೆಳ್ಳಗೆ ಹಚ್ಚಿ, ಮೇಲೆ ದಪ್ಪ ಪುಸ್ತಕ ಹೇರಿ. ಮೈದಾ ಅಂಟು ಅಗ್ಗ, ಆದ್ರೆ ಜಿರಳೆ ಬರುತ್ತೆ.

ಮುದ್ರೆ: ಪೆನ್ಸಿಲ್ ರಬ್ಬರ್ ಅಥವಾ ಆಲೂಗಡ್ಡೆ ಕೆತ್ತಿ ಕಲಶ, ದೀಪ, ಬಾಳೆಕಂಬದ ಗುರುತು ಮಾಡ್ಕೋಬಹುದು. ಬೆಂಡೆಕಾಯಿ ಅಡ್ಡ ಕತ್ತರಿಸಿದ್ರೆ ಕೆತ್ತೋದೇ ಬೇಡ, ಹೂವಿನ ಆಕಾರ ತಾನೇ ಬರುತ್ತೆ. ಅಕ್ಷರ ಕೆತ್ತೋದಾದ್ರೆ ಕನ್ನಡಿಯಲ್ಲಿ ಕಂಡ ಹಾಗೆ ತಿರುವು ಮುರುವಾಗಿ ಕೆತ್ತಬೇಕು.

ಅರಿಶಿಣ: ನಾಲ್ಕು ಮೂಲೆಗೆ ಅರಿಶಿಣ ಹಚ್ಚುವಾಗ ಕೈಯಲ್ಲಿ ಸೋಪು, ಸುಣ್ಣ ಇರಬಾರದು. ಸುಣ್ಣ ತಾಗಿದ್ರೆ ಅರಿಶಿಣ ಕೆಂಪಗಾಗುತ್ತೆ. ಎಲೆ ಅಡಿಕೆ ಹಾಕಿಕೊಂಡ ಹಿರಿಯರು ಕೈ ಒರೆಸಿಕೊಂಡೇ ಮುಟ್ಟಲಿ. ಹಚ್ಚಿದ್ದನ್ನ ಬಿಸಿಲಿಗೆ ಇಡಬೇಡಿ, ಬಣ್ಣ ಹೋಗುತ್ತೆ.

ಹೂವು: ಹಡಗಲಿ ಮಲ್ಲಿಗೆ ನಮ್ಮ ಹೆಮ್ಮೆ, ಭೌಗೋಳಿಕ ಸೂಚಕದ ಮಾನ್ಯತೆಯೂ ಅದಕ್ಕಿದೆ. ಆದ್ರೆ ಹಸಿ ಮಲ್ಲಿಗೆ ಪತ್ರಿಕೆಯೊಳಗೆ ಇಟ್ರೆ ಕಂದು ಕಲೆ ಬೀಳುತ್ತೆ. ಅದು ದಂಡೆಯಲ್ಲೇ ಚೆಂದ.

ದೇವರು: ಶ್ರೀ ಗುರುಬಸವೇಶ್ವರ, ಮೈಲಾರಲಿಂಗೇಶ್ವರ, ಉಚ್ಚಂಗೆಮ್ಮ, ಉಜ್ಜಿನಿ ಮರುಳಸಿದ್ಧೇಶ್ವರ, ಯಾರು ಮನೆದೇವರೋ ಅವರ ಹೆಸರನ್ನ ಮೇಲೆ ಬರೆದು 'ಪ್ರಸನ್ನ' ಅಂದ್ರೆ ಸಾಕು. ಫೋಟೋ ಹಾಕದಿದ್ರೆ ಮುಂದೆ ಕಾಲಡಿ ಬೀಳೋ ಚಿಂತೆ ಇಲ್ಲ.

ಮ್ಯಾಟರಿನಲ್ಲಿ ತಪ್ಪು ಬೀಳೋದು ಎಲ್ಲಿ

ಹಳೇ ಪತ್ರಿಕೆ ನೋಡಿ ಕಾಪಿ ಮಾಡೋದ್ರಲ್ಲಿ ದೊಡ್ಡ ತೊಂದರೆ ವಿಳಾಸದ್ದು. ಕೊಟ್ಟೂರು ಮೊದಲು ಕೂಡ್ಲಿಗಿ ತಾಲ್ಲೂಕಿನಲ್ಲಿತ್ತು, ಈಗ ಅದೇ ತಾಲ್ಲೂಕು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಆಮೇಲೆ ವಾಪಸ್ ಬಳ್ಳಾರಿಗೆ ಬಂತು. 2021ರಿಂದ ಈ ತಾಲ್ಲೂಕುಗಳು ವಿಜಯನಗರ ಜಿಲ್ಲೆ. ಇಷ್ಟಾದ್ರೂ 'ಜಿ|| ಬಳ್ಳಾರಿ' ಅಂತ ಬರೆಯೋದು ನಿಂತಿಲ್ಲ.

ಪಿನ್ ಕೋಡ್: ಹರಪನಹಳ್ಳಿ 583131, ಕೊಟ್ಟೂರು 583134, ಕೂಡ್ಲಿಗಿ 583135, ಹಗರಿಬೊಮ್ಮನಹಳ್ಳಿ 583212, ಹೂವಿನ ಹಡಗಲಿ 583219. ಇವು ಊರಿನ ಮುಖ್ಯ ಅಂಚೆ ಕಚೇರಿಯವು, ಹಳ್ಳಿಗೆ ಬೇರೆ ಇರಬಹುದು.

ಇನ್ನೊಂದು ಅಕ್ಷರದ ಕಾಟ. ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನ ಬೇರೆ ಕಂಪ್ಯೂಟರಿನಲ್ಲಿ ತೆರೆದ್ರೆ ಒತ್ತಕ್ಷರ, ಅರ್ಕಾವತ್ತು ಎಲ್ಲೆಲ್ಲೋ ಹಾರಿರ್ತಾವೆ. ಪಿಡಿಎಫ್ ಮಾಡಿಸಿಕೊಂಡೇ ಒಯ್ಯಿರಿ. ಪ್ರಿಂಟ್ ಹಾಕೋ ಮುಂಚೆ ಒಂದು ಹಾಳೆ ತೆಗೆದು, ಎರಡೂ ಕಡೆಯ ಬೀಗರು ಸೇರಿ ಮೂರು ಜನ ಗಟ್ಟಿಯಾಗಿ ಓದಲಿ. ದಿನಾಂಕ ಮತ್ತು ವಾರ ಕ್ಯಾಲೆಂಡರ್‌ಗೆ ತಾಳೆ ಆಗ್ತದಾ? ಮುಹೂರ್ತದ ಮುಂದೆ ಬೆಳಿಗ್ಗೆ, ಸಂಜೆ ಅಂತ ಇದೆಯಾ? ಕಲ್ಯಾಣ ಮಂಟಪದ ಹೆಸರು ಸರಿ ಇದೆಯಾ? ಬಂಧುಗಳ ಹೆಸರಿನ ಪಟ್ಟಿಯಲ್ಲಿ ಯಾರನ್ನಾದ್ರೂ ಬಿಟ್ಟಿದ್ರೆ ಆ ಮಾತು ಹತ್ತು ವರ್ಷ ಹೋಗಲ್ಲ. ಅದಕ್ಕೆ ಕೆಲವರು ಪಟ್ಟಿನೇ ಹಾಕದೆ 'ಸಮಸ್ತ ಬಂಧು ಬಳಗ' ಅಂತ ಮುಗಿಸ್ತಾರೆ.

ಇದು ದಾಖಲೆನೂ ಹೌದು

ಉಪನೋಂದಣಾಧಿಕಾರಿ ಕಚೇರಿಯಲ್ಲಿ ವಿವಾಹ ನೋಂದಣಿಗೆ ಹೋದಾಗ ವಯಸ್ಸಿನ ದಾಖಲೆ, ವಿಳಾಸ, ಫೋಟೋ, ಸಾಕ್ಷಿಗಳ ಜೊತೆ ಲಗ್ನಪತ್ರಿಕೆಯನ್ನೂ ಕೇಳ್ತಾರೆ. 2024ರಿಂದ ಕಾವೇರಿ 2.0 ತಂತ್ರಾಂಶದಲ್ಲಿ ಆನ್‌ಲೈನ್ ಅರ್ಜಿಗೂ ಅವಕಾಶ ಇದೆ. ಆದ್ದರಿಂದ ಕೈಯಿಂದ ಮಾಡಿದ ಪತ್ರಿಕೆಯಲ್ಲೂ ವಧು ವರರ ಪೂರ್ತಿ ಹೆಸರು, ತಂದೆ ತಾಯಿ ಹೆಸರು, ದಿನಾಂಕ, ಸ್ಥಳ ಸ್ಪಷ್ಟವಾಗಿರಲಿ. ಆಧಾರ್‌ನಲ್ಲಿ, ಅಂಕಪಟ್ಟಿಯಲ್ಲಿ ಇರೋ ಹೆಸರೇ ಇರಲಿ, ಮನೆಯಲ್ಲಿ ಕರೆಯೋ ಹೆಸರು ಬೇಡ. ಐದು ಪತ್ರಿಕೆ ಎತ್ತಿಡಿ. ಸ್ಕ್ಯಾನ್ ಮಾಡಿದ್ರೆ ಓದೋಕೆ ಬರೋ ಹಾಗೆ, ಕಪ್ಪು ಅಕ್ಷರ ತಿಳಿ ಕಾಗದದ ಮೇಲಿರಲಿ.

ವಯಸ್ಸಿನ ವಿಷಯ ಇನ್ನೂ ಮುಖ್ಯ. ಬಾಲ್ಯವಿವಾಹ ನಿಷೇಧ ಕಾಯ್ದೆ 2006ರ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಪತ್ರಿಕೆ ಮುದ್ರಿಸೋ ಮುಂಚೆ ವಯಸ್ಸಿನ ದಾಖಲೆ ನೋಡಿ ಅಂತ ಅಧಿಕಾರಿಗಳು ಪ್ರೆಸ್‌ನವರಿಗೆ ಹೇಳೋದು ಇದಕ್ಕೇ. ಪತ್ರಿಕೆ ಮನೆಯಲ್ಲೇ ಆದ್ರೆ ಆ ಒಂದು ತಡೆ ಇರಲ್ಲ, ಆದ್ರೆ ಕಾನೂನು ಇದ್ದೇ ಇರುತ್ತೆ. ಮದುವೆ ಮಾಡಿಸಿದವರಿಗೆ, ನೆರವಾದವರಿಗೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಕರ್ನಾಟಕದಲ್ಲಿ ಇಂಥ ಮದುವೆ ಮೊದಲಿನಿಂದಲೇ ಅಸಿಂಧು. ಮ್ಯಾಟರ್ ಟೈಪ್ ಮಾಡೋ ಜೆರಾಕ್ಸ್ ಅಂಗಡಿಯವರೂ ಅಂಕಪಟ್ಟಿ ಕೇಳಿ ನೋಡೋದು ಒಳ್ಳೇದು. ಅನುಮಾನ ಬಂದ್ರೆ 1098ಕ್ಕೆ ಕರೆ ಮಾಡ್ಬಹುದು. ಒಂದು ಹುಡುಗಿಯ ಓದು ಉಳಿಯೋದು ಕೆಲವೊಮ್ಮೆ ಅಂಗಡಿ ಕೌಂಟರಿನ ಆ ಒಂದು ಪ್ರಶ್ನೆಯಿಂದ.

ಹೊಸತನಕ್ಕೆ ಅಂತ ಆಧಾರ್, ವೋಟರ್ ಕಾರ್ಡ್ ಮಾದರಿಯಲ್ಲಿ ಪತ್ರಿಕೆ ಮಾಡೋರು ಸಿಂಹದ ರಾಷ್ಟ್ರಲಾಂಛನ ಹಾಕ್ಬಾರದು, 2005ರ ಕಾಯ್ದೆಯಲ್ಲಿ ಅದಕ್ಕೆ ನಿಷೇಧ ಇದೆ. ಚುನಾವಣೆ ಸಮಯದಲ್ಲಿ ಪತ್ರಿಕೆಯಲ್ಲಿ ಓಟು ಕೇಳೋದೂ ಬೇಡ. 2024ರ ಲೋಕಸಭಾ ಚುನಾವಣೆ ವೇಳೆ ದಕ್ಷಿಣ ಕನ್ನಡದಲ್ಲಿ ಇದಕ್ಕೇ ಕೇಸ್ ಆಗಿತ್ತು.

ಅಂಚೆ ಮತ್ತು ವಾಟ್ಸಾಪ್

ಸಾದಾ ಅಂಚೆಯಲ್ಲಿ 20 ಗ್ರಾಂವರೆಗಿನ ಲಕೋಟೆಗೆ 5 ರೂಪಾಯಿ ಸ್ಟಾಂಪ್. ಅರ್ಧ ಎ4 ಅಳತೆಯ 300 ಜಿಎಸ್‌ಎಂ ಪತ್ರಿಕೆ 9 ಗ್ರಾಂ ಚಿಲ್ಲರೆ, ಕವರ್ 5 ಗ್ರಾಂ, ಒಟ್ಟು 15 ಗ್ರಾಂ ಒಳಗೇ. ಅದೇ ಪೂರ್ತಿ ಎ4 ಶೀಟು ಮಡಚಿದ ಪತ್ರಿಕೆ ಒಂದೇ 18 ಗ್ರಾಂ ದಾಟುತ್ತೆ, ಕವರ್ ಸೇರಿದ್ರೆ ಸ್ಟಾಂಪ್ ಡಬಲ್. ಅಕ್ಷತೆ, ದಾರ, ಮಣಿ ಸೇರಿಸಿದ್ರೆ ಅಂಚೆ ಕಚೇರಿಯಲ್ಲಿ ಒಂದನ್ನ ತೂಗಿಸಿಯೇ ಉಳಿದವಕ್ಕೆ ಸ್ಟಾಂಪ್ ಹಚ್ಚಿ. ತೀರಾ ಸರಳ ಬೇಕಂದ್ರೆ ಕೈಬರಹದ ಪೋಸ್ಟ್ ಕಾರ್ಡ್ ಇನ್ನೂ 50 ಪೈಸೆ. ಮುದ್ರಿಸಿದ ಕಾರ್ಡಿಗೆ ದರ ಬೇರೆ.

ವಾಟ್ಸಾಪ್‌ಗೆ ಪತ್ರಿಕೆಯ ಫೋಟೋ ಅಥವಾ ಪಿಡಿಎಫ್ ಕಳಿಸಿ. ಮದುವೆ ಕರೆಯೋಲೆ ಅಂತ ಹೇಳಿ 'ಎಪಿಕೆ' ಫೈಲ್ ಕಳಿಸಿ, ಒತ್ತಿದ ಕೂಡಲೇ ಫೋನ್ ಹಿಡಿತಕ್ಕೆ ತಗೊಂಡು ಬ್ಯಾಂಕ್ ಖಾತೆ ಖಾಲಿ ಮಾಡೋ ವಂಚನೆ ನಡೀತಿದೆ. ಗೊತ್ತಿಲ್ಲದ ನಂಬರಿನಿಂದ ಬಂದ ಪತ್ರಿಕೆ ತೆರೆಯೋ ಮುಂಚೆ ಫೈಲ್ ಹೆಸರಿನ ಕೊನೆ ನೋಡಿ. ದುಡ್ಡು ಹೋದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಯಾವಾಗ ಶುರು ಮಾಡ್ಬೇಕು

ಮದುವೆಗೆ ಆರು ವಾರ ಇರುವಾಗ ಮನೆಗಳ ಪಟ್ಟಿ ಮತ್ತು ಮ್ಯಾಟರ್. ಐದನೇ ವಾರಕ್ಕೆ ಒಂದೇ ಒಂದು ಮಾದರಿ ಮಾಡಿ ಎರಡೂ ಮನೆಯವರು ಒಪ್ಪಬೇಕು. ನಾಲ್ಕನೇ ವಾರಕ್ಕೆ ಎಲ್ಲ ಪತ್ರಿಕೆ ಮುಗಿದು, ಮೊದಲನೇದು ಮನೆದೇವರ ಮುಂದೆ ಇಡಬೇಕು. ಉಳಿದ ಮೂರು ವಾರ ಹಂಚೋಕೆ.

'ಕೈಯಿಂದ ಮಾಡಿದ ಪತ್ರಿಕೆ ಕೊಟ್ರೆ ಬೀಗರು ಏನಂತಾರೋ' ಅನ್ನೋ ಅಳುಕು ಸಹಜ. 1966ರಲ್ಲಿ ಕುವೆಂಪು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿ ಮದುವೆಯನ್ನ ಆಡಂಬರ ಇಲ್ಲದೆ ಮಂತ್ರಮಾಂಗಲ್ಯದ ರೀತಿ ಮಾಡಿದ್ರು. ಅದನ್ನ ಕನ್ನಡ ನಾಡು ಇವತ್ತಿಗೂ ನೆನೆಸುತ್ತೆ. ನಮ್ಮ ಹಳ್ಳಿಗಳಲ್ಲೂ ಕರೆಯೋಕೆ ಬಂದವರು ಹೊಸ್ತಿಲ ಒಳಗೆ ಬಂದು, ಕೂತು, ನೀರು ಕುಡಿದು, 'ಮನೆ ಮಂದಿಯೆಲ್ಲ ಬರ್ಬೇಕು' ಅಂದ್ರೇನೇ ಕರೆದ ಹಾಗೆ. ಕಾರ್ಡಿನಲ್ಲಿ ಉಳಿದ ದುಡ್ಡು ಸಾಲದ ಬಡ್ಡಿಯಲ್ಲಾದ್ರೂ ಕಡಿಮೆ ಆಗುತ್ತೆ.