ಧುಮುಕುವ ನೀರು, ಸೋರುವ ಅನಿಲ
ಗಗನಚುಕ್ಕಿ, ಭರಚುಕ್ಕಿಗಳ ಸೊಬಗಿನ ಹಿಂದೆ ನೆಲಕ್ಕೆ ಬಿದ್ದ ಪೆಟ್ಟೊಂದಿದೆ. ಶಿವನಸಮುದ್ರದ ಬಳಿ ಬಿರುಕಿನ ಇಕ್ಕೆಲದ ಬಂಡೆಗಳು ಏರುಪೇರಾಗಿ ಸರಿದುದರಿಂದಲೇ ಕಾವೇರಿ ಇಲ್ಲಿ ಧುಮುಕುತ್ತಾಳೆ ಎನ್ನುತ್ತಾರೆ ಭೂವಿಜ್ಞಾನಿಗಳು. ಇದೇ ‘ಸ್ತರಭಂಗ’.

ಭೂಮಿಯ ಬಿಸಿ ಏರಿಸುವ ಇಂಗಾಲದ ಡೈಆಕ್ಸೈಡನ್ನು ನೆಲದಾಳದಲ್ಲಿ ಹೂಳುವವರಿಗೂ ಸ್ತರಭಂಗದ್ದೇ ಚಿಂತೆ. ಅನಿಲವನ್ನು ಸೂಕ್ಷ್ಮ ರಂಧ್ರಗಳಿರುವ ಮರಳುಗಲ್ಲಿಗೆ ಒತ್ತಿ ತುಂಬುತ್ತಾರೆ. ಮೇಲಿನ ಜೇಡಿಶಿಲೆಯೇ ಮುಚ್ಚಳ. ಅದನ್ನು ಸೀಳಿದ ಸ್ತರಭಂಗದಲ್ಲಿ ಜೇಡಿ ಮೆತ್ತಿಕೊಂಡಿದ್ದರೆ ಅದು ಬಿರಡೆ, ಇಲ್ಲವಾದರೆ ಸೋರುವ ದಾರಿ. ಒತ್ತಡ ಮಿತಿಮೀರಿದರೆ ಬಂಡೆ ಜಾರಿ ನೆಲ ನಡುಗಲೂಬಹುದು. ಅಲ್ಜೀರಿಯಾದ ಇನ್ ಸಲಾಹ್‌ನಲ್ಲಿ 2004ರಲ್ಲಿ ಆರಂಭವಾದ ಇಂಥ ಕೆಲಸ, ಮುಚ್ಚಳದ ಬಂಡೆಯ ಬಗೆಗಿನ ಶಂಕೆಯಿಂದ 2011ರಲ್ಲಿ ನಿಂತಿತು.

ಶಿವನಸಮುದ್ರದ ಗಟ್ಟಿ ನೈಸ್ ಶಿಲೆಯಲ್ಲಿ ಅನಿಲ ತುಂಬುವಷ್ಟು ರಂಧ್ರಗಳಿಲ್ಲ. ಆದರೆ ಎಲ್ಲಿಯೇ ಹೂಳಲಿ, ಮೊದಲು ಹುಡುಕಬೇಕಾದುದು ಬಿರುಕನ್ನೇ. ಸಾವಿರಾರು ವರ್ಷ ಒಳಗಿರಬೇಕಾದ ಅನಿಲ ಹೊರಬಂದರೆ ಪಟ್ಟ ಪಾಡೆಲ್ಲ ವ್ಯರ್ಥ.