ಬೆಟ್ಟದ ಸದ್ದು ಕೇಳಿದ ಮುದುಕ

ಆಗಸ್ಟ್ ತಿಂಗಳ ಮೊದಲ ದಿನಗಳ ಒಂದು ರಾತ್ರಿ. ಅರವತ್ತೆರಡು ವರ್ಷದ ಗೃಹಸ್ಥನೊಬ್ಬ ನಿದ್ದೆ ಬಾರದೆ ಎದ್ದು ಕಿಟಕಿಯ ಬಾಗಿಲು ಸರಿಸುತ್ತಾನೆ. ಹೊರಗೆ ಬೆಳದಿಂಗಳು. ಗಾಳಿಯಿಲ್ಲ, ಎಲೆ ಅಲುಗುತ್ತಿಲ್ಲ. ಆಗ ಮನೆಯ ಹಿಂದಿನ ಗುಡ್ಡದ ಕಡೆಯಿಂದ ಒಂದು ಸದ್ದು ಬರುತ್ತದೆ. ದೂರದ ಗಾಳಿಯ ಹಾಗೆ, ಆದರೆ ನೆಲದೊಳಗಿನಿಂದ ಬಂದಂಥ ಆಳ ಅದಕ್ಕೆ. ಕಡಲಿನ ಮೊರೆತವೋ, ತನ್ನದೇ ಕಿವಿಯ ಗುಂಯ್ ಎನ್ನುವ ಸದ್ದೋ ಎಂದು ಅವನು ಅನುಮಾನಿಸುತ್ತಾನೆ. ಸದ್ದು ನಿಂತ ಮೇಲೆ ಭಯವಾಗುತ್ತದೆ, ಸಾವಿನ ಮುನ್ಸೂಚನೆಯನ್ನು ಯಾರೋ ತಲುಪಿಸಿ ಹೋದರೇನೋ ಎಂಬಂತೆ.

ಜಪಾನಿನ ಯಾಸುನಾರಿ ಕವಾಬಾತ ಬರೆದ ‘ಯಾಮಾ ನೊ ಓತೊ’, ಎಂದರೆ ‘ಬೆಟ್ಟದ ಸದ್ದು’ ಕಾದಂಬರಿಯ ಆರಂಭ ಇದು. 1949ರಿಂದ 1954ರವರೆಗೆ ಬೇರೆ ಬೇರೆ ಪತ್ರಿಕೆಗಳಲ್ಲಿ ಬಿಡಿಬಿಡಿಯಾಗಿ ಬಂದ ಹದಿನಾರು ಅಧ್ಯಾಯಗಳು ಸೇರಿ ಕಾದಂಬರಿಯಾದವು. 1970ರ ಇಂಗ್ಲಿಷ್ ಅನುವಾದದ ಮೂಲಕ ಅದು ಹೊರನಾಡಿನ ಓದುಗರನ್ನು ಮುಟ್ಟಿತು. ಆ ಹೊತ್ತಿಗೆ ಕವಾಬಾತ ಅವರಿಗೆ ನೊಬೆಲ್ ಪ್ರಶಸ್ತಿ (1968) ಬಂದಿತ್ತು.

ಅರವತ್ತು ವರ್ಷಕ್ಕೆ ಕಾಲಚಕ್ರ ಒಂದು ಸುತ್ತು ತಿರುಗುತ್ತದೆಂಬ ಎಣಿಕೆ ಜಪಾನಿನಲ್ಲೂ ಉಂಟು. ನಾವು ಪ್ರಭವದಿಂದ ಅಕ್ಷಯದವರೆಗಿನ ಸಂವತ್ಸರಗಳನ್ನು ಮುಗಿಸಿ ಷಷ್ಟ್ಯಬ್ದಿ ಮಾಡಿಸಿಕೊಂಡರೆ, ಅವರು ‘ಕನ್‌ರೆಕಿ’ ಆಚರಿಸುತ್ತಾರೆ. ಮನುಷ್ಯ ಮತ್ತೆ ಮಗುವಾದ ಗುರುತಿಗೆ ಕೆಂಪು ಬಟ್ಟೆ ತೊಡಿಸುವುದುಂಟು. ಕಾದಂಬರಿಯ ಶಿಂಗೊ ಆ ಗಡಿ ದಾಟಿದವನು. ಆದರೆ ಅವನಿಗೆ ವಾನಪ್ರಸ್ಥವೂ ಇಲ್ಲ, ಮುಪ್ಪಿನೊಡನೆ ತಾನಾಗಿ ಬರುತ್ತದೆಂದು ನಾವು ನಂಬಿರುವ ಅರಿವೂ ಇಲ್ಲ. ಕಾಮಾಕುರ ಊರಿನಿಂದ ರೈಲು ಹತ್ತಿ ಟೋಕಿಯೋದ ಕಚೇರಿಗೆ ಹೋಗುತ್ತಾನೆ, ಸಂಜೆ ಹಿಂದಿರುಗುತ್ತಾನೆ. ಮನೆಯಲ್ಲಿ ಹೆಂಡತಿ ಯಾಸುಕೊ, ಮಗ ಶುಯಿಚಿ, ಸೊಸೆ ಕಿಕುಕೊ. ಗಂಡನೊಡನೆ ಬಾಳಲಾಗದೆ ಎರಡು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬರುವ ಮಗಳು ಫುಸಾಕೊ.

ಇಲ್ಲಿ ಸಾವು ಯಮದೂತನಂತೆ ಬಾಗಿಲು ಬಡಿಯುವುದಿಲ್ಲ. ಮರೆವಿನ ರೂಪದಲ್ಲಿ ಚೂರುಚೂರಾಗಿ ಒಳಗೆ ಬರುತ್ತದೆ. ಐದು ದಿನದ ಹಿಂದಷ್ಟೇ ಕೆಲಸ ಬಿಟ್ಟು ಹೋದ ಹುಡುಗಿಯ ಮುಖ ಶಿಂಗೊಗೆ ನೆನಪಾಗುವುದಿಲ್ಲ. ನೆರೆಮನೆಯ ಸೂರ್ಯಕಾಂತಿಯ ದಪ್ಪ ತಲೆಯನ್ನು ಕಂಡಾಗ ಅವನಿಗೊಂದು ವಿಚಿತ್ರ ಆಸೆ: ತಲೆಯನ್ನು ಕಳಚಿ, ಬಟ್ಟೆಯನ್ನು ಮಡಿವಾಳನಿಗೆ ಕೊಟ್ಟಂತೆ ಆಸ್ಪತ್ರೆಗೆ ಕೊಟ್ಟು, ಅವರು ಅದನ್ನು ತೊಳೆದು ರಿಪೇರಿ ಮಾಡುವ ತನಕ ಮುಂಡ ಹಾಯಾಗಿ ನಿದ್ದೆ ಮಾಡುವಂತಿದ್ದರೆ! ನಗು ಬರುವ ಮಾತು. ಆದರೆ ಕೇಳಿದ ಸೊಸೆಗೆ ಮಾವನ ದಣಿವು ತಿಳಿಯುತ್ತದೆ.

ಇನ್ನೊಂದು ಬೆಳಿಗ್ಗೆ, ದಶಕಗಳಿಂದ ಕಟ್ಟುತ್ತಿದ್ದ ಟೈ ಕಟ್ಟಲು ಕೈಗೆ ಬರುವುದಿಲ್ಲ. ಯೋಚಿಸಿದಷ್ಟೂ ಗಂಟು ತಪ್ಪುತ್ತದೆ. ಸೊಸೆ ಪ್ರಯತ್ನಿಸಿ ಸೋಲುತ್ತಾಳೆ. ಕೊನೆಗೆ ಹೆಂಡತಿ ಕಟ್ಟುತ್ತಾಳೆ. ಕುತ್ತಿಗೆ ಒಡ್ಡಿ ನಿಂತ ಮುದುಕನಿಗೆ ಆಗ ನೆನಪಾಗುವುದು ತನಗೆ ಮೊಟ್ಟಮೊದಲು ಟೈ ಕಟ್ಟಿದ ಕೈ. ಅದು ಹೆಂಡತಿಯ ಅಕ್ಕನದು.

ಕಾದಂಬರಿಯ ಮುಳ್ಳು ಇರುವುದೇ ಇಲ್ಲಿ. ಆ ಅಕ್ಕ ಚೆಲುವೆ. ಯೌವನದಲ್ಲಿ ಶಿಂಗೊ ಅವಳಿಗೆ ಮನಸೋತಿದ್ದ. ಅವಳು ಬೇರೆಯವನನ್ನು ಮದುವೆಯಾಗಿ ಬೇಗ ತೀರಿಕೊಂಡಳು. ಅವನು ಕೈಹಿಡಿದದ್ದು ರೂಪವಿಲ್ಲದ ತಂಗಿಯನ್ನು. ಮದುವೆಯ ಶಾಸ್ತ್ರ ನಡೆಯುತ್ತಿದ್ದಾಗ ಮರದಿಂದ ಚೆಸ್ಟ್‌ನಟ್ ಕಾಯೊಂದು ಬಿದ್ದು ಕಲ್ಲಿಗೆ ತಾಗಿ ನೀರಿಗೆ ಚಿಮ್ಮಿತು. ಬೇರೆ ಯಾರೂ ಅದನ್ನು ಗಮನಿಸಿದಂತೆ ಕಾಣಲಿಲ್ಲ. ಆ ಕಾಯಿ ಅವನ ಮನಸ್ಸಿನಲ್ಲಿ ಇನ್ನೂ ಬೀಳುತ್ತಲೇ ಇದೆ.

ಮಾಡಿದ ತಪ್ಪಿಗೆ ಪಡುವುದು ಪಶ್ಚಾತ್ತಾಪ. ನಡೆಯದೇ ಹೋದದ್ದಕ್ಕೆ ಪಡುವುದನ್ನು ಕನ್ನಡದಲ್ಲಿ ಹಳಹಳಿಕೆ ಎನ್ನಬಹುದು. ಶಿಂಗೊನದು ಹಳಹಳಿಕೆ. ಅದು ಒಬ್ಬನೊಳಗೇ ಇದ್ದು ಯಾರಿಗೂ ನೋವು ಮಾಡದ ಮಧುರ ದುಃಖವೆಂದು ಕವಿಗಳು ಹೇಳುವುದುಂಟು. ಕವಾಬಾತ ಹಾಗೆ ಬಿಡುವುದಿಲ್ಲ. ಹೆಣ್ಣು ಮಗು ಹುಟ್ಟಿದಾಗ ಶಿಂಗೊ ಅದರ ಮುಖದಲ್ಲಿ ಸತ್ತವಳ ಚೆಲುವನ್ನು ಹುಡುಕಿದ, ಸಿಗಲಿಲ್ಲ. ಆ ನಿರಾಶೆಯ ಸಾಲವನ್ನು ಬಡ್ಡಿಸಮೇತ ಕಟ್ಟುತ್ತ ಬಂದವಳು ಫುಸಾಕೊ. ಅಪ್ಪನಿಗೆ ತನಗಿಂತ ಸೊಸೆಯೇ ಹೆಚ್ಚೆಂದು ಅವಳು ಚುಚ್ಚುವಾಗ ಓದುಗರಿಗೆ ಮೊದಮೊದಲು ಕಿರಿಕಿರಿಯಾಗುತ್ತದೆ. ಎರಡನೆಯ ಓದಿನಲ್ಲಿ ಅವಳ ಮಾತು ನಿಜವೆನ್ನಿಸಿತು. ಮುದುಕನ ಕಣ್ಣಿನಿಂದಲೇ ಕಥೆ ನೋಡುತ್ತ ನಾವೂ ಅವಳಿಗೆ ಅನ್ಯಾಯ ಮಾಡಿರುತ್ತೇವೆ.

ಕಿಕುಕೊಳ ವಿಷಯ ಇನ್ನೂ ನಾಜೂಕು. ಗಂಡನಿಗೆ ಟೋಕಿಯೋದಲ್ಲಿ ಇನ್ನೊಬ್ಬಳಿದ್ದಾಳೆ. ಮಾವನಿಗೆ ಅದು ಗೊತ್ತು. ಮಗ ದಿನವೂ ಅದೇ ರೈಲಿನ, ಅದೇ ಕಚೇರಿಯ ಸಂಗಾತಿ. ಆದರೂ ಗಟ್ಟಿಯಾಗಿ ಕೇಳುವ ಮನಸ್ಸಾಗುವುದಿಲ್ಲ. ಸೊಸೆಯ ಮೇಲಿನ ಮರುಕದಲ್ಲಿ ಮರುಕವಲ್ಲದ್ದೂ ಬೆರೆತಿದೆಯೇ ಎಂಬ ಅಳುಕು ಅವನ ನಾಲಗೆ ಕಟ್ಟಿರುತ್ತದೆ. ಕನಸುಗಳು ಆ ಅಳುಕನ್ನು ದೃಢಪಡಿಸುತ್ತವೆ. ಅವನು ಕಾಯುತ್ತಿರುವಾಗಲೇ ಅವಳು ಅವನಿಗೆ ಹೇಳದೆ ಗರ್ಭ ತೆಗೆಸಿಕೊಳ್ಳುತ್ತಾಳೆ. ಸತ್ತ ಗೆಳೆಯನ ಮನೆಯಿಂದ ಬಂದ ನೋ ನಾಟಕದ ಬಾಲಮುಖವಾಡವನ್ನು ಅವಳು ಮುಖಕ್ಕೆ ಹಿಡಿಯುವ ಪ್ರಸಂಗವೊಂದಿದೆ. ಮುಖವಾಡಕ್ಕೆ ವಯಸ್ಸಿಲ್ಲ, ನೋವಿಲ್ಲ. ಅದರ ಅಂಚಿನಿಂದ ಕಣ್ಣೀರು ಇಳಿಯುತ್ತದೆ. ಇಡೀ ಕಾದಂಬರಿಯಲ್ಲಿ ನನಗೆ ಮರೆಯಲಾಗದ ಪುಟ ಅದು.

1945ರ ಸೋಲಿನ ನೆರಳು ಎಲ್ಲ ಕಡೆ ಇದೆ. ಶುಯಿಚಿ ಯುದ್ಧದಿಂದ ಮರಳಿದವನು, ಅವನ ಪ್ರೇಯಸಿ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವಳು. ಮಗನಿಗಾದ ಗಾಯ ಅಪ್ಪನ ಅಳತೆಗೆ ಸಿಗುವಂಥದ್ದಲ್ಲ. ಬರೆಯತೊಡಗಿದಾಗ ಲೇಖಕರಿಗೆ ಐವತ್ತು ವರ್ಷ. ಮುಪ್ಪು ಇನ್ನೂ ದೂರವಿತ್ತು. ಆದರೆ ಸಾವಿನ ಪರಿಚಯ ಹಳೆಯದು. ಎಳೆಯ ವಯಸ್ಸಿನಲ್ಲೇ ತಂದೆ, ತಾಯಿ, ಅಜ್ಜಿ, ಅಕ್ಕ ಎಲ್ಲರನ್ನೂ ಕಳೆದುಕೊಂಡ ಹುಡುಗ ಕೊನೆಗೆ ಕಣ್ಣು ಕಾಣದ ಅಜ್ಜನ ಹಾಸಿಗೆಯ ಪಕ್ಕ ಕೂತು, ಅವರ ಕೊನೆಯ ದಿನಗಳನ್ನು ದಿನಚರಿಯಾಗಿ ಬರೆದಿಟ್ಟಿದ್ದರು. ಅಜ್ಜ ತೀರಿಕೊಂಡದ್ದು 1914ರಲ್ಲಿ.

ಬೆಟ್ಟ ಸದ್ದು ಮಾಡಿದ ಮಾತನ್ನು ಶಿಂಗೊ ಮನೆಯಲ್ಲಿ ಹೇಳಿದಾಗ ಕಿಕುಕೊ ಒಂದು ವಿಷಯ ನೆನಪಿಸುತ್ತಾಳೆ. ಅತ್ತೆಯ ಅಕ್ಕನೂ ಸಾಯುವ ಮುನ್ನ ಬೆಟ್ಟದ ಸದ್ದು ಕೇಳಿದ್ದಳಂತೆ. ಜೀವನವಿಡೀ ಅವಳನ್ನೇ ನೆನೆದವನಿಗೆ ಅದೊಂದೇ ಮರೆತುಹೋಗಿತ್ತು.

ಕೊನೆಯ ಅಧ್ಯಾಯದಲ್ಲಿ ಅವನು ಸಾಯುವುದಿಲ್ಲ. ಮನೆಮಂದಿಯೆಲ್ಲ ಒಟ್ಟಿಗೆ ಊಟಕ್ಕೆ ಕೂತಿದ್ದಾರೆ. ಮುಂದಿನ ಭಾನುವಾರ ಊರಿಗೆ ಹೋಗಿ ಕೆಂಪಾದ ಮೇಪಲ್ ಎಲೆಗಳನ್ನು ನೋಡಿಬರುವ ಮಾತಾಗುತ್ತದೆ. ಊಟ ಮುಗಿದ ಮೇಲೆ ಶಿಂಗೊ ಹೊರಗಿನ ಬಳ್ಳಿಯತ್ತ ನೋಡಿ, ಕಾಯಿಗಳು ಭಾರಕ್ಕೆ ಜೋತುಬಿದ್ದಿವೆಯೆಂದು ಸೊಸೆಯನ್ನು ಕೂಗಿ ಹೇಳುತ್ತಾನೆ. ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದಿಗೆ ಅವಳಿಗೆ ಅದು ಕೇಳಿಸುವುದಿಲ್ಲ.