ಪೆಡಲಿಗೆ ಕಟ್ಟದ ಪಾದ

ಮೌಂಟನ್ ಬೈಕಿನ ಫ್ಲಾಟ್ ಪೆಡಲ್ ಅಂದರೆ ಅಂಗೈ ಅಗಲದ ಒಂದು ತಟ್ಟೆ. ಹೆಚ್ಚುಕಡಿಮೆ 10 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ. ಒಳ್ಳೆಯ ಪೆಡಲಿನಲ್ಲಿ ನಡುಭಾಗ ಅಂಚಿಗಿಂತ ತುಸು ತಗ್ಗಾಗಿರುತ್ತದೆ, ಅಂಚಿನುದ್ದಕ್ಕೂ ನಾಲ್ಕೈದು ಮಿಲಿಮೀಟರ್ ಎತ್ತರದ ಪಿನ್ನುಗಳಿರುತ್ತವೆ. ಪಾದವನ್ನು ಹಿಡಿದಿಡಲು ಪಟ್ಟಿಯಿಲ್ಲ, ಕೊಂಡಿಯಿಲ್ಲ. ಶಿಮಾನೊ ಕಂಪನಿ 1990ರಲ್ಲಿ ಮೌಂಟನ್ ಬೈಕಿಗೆಂದೇ ಎಸ್‌ಪಿಡಿ ಪೆಡಲ್ ತಂದ ಮೇಲೆ, ಶೂ ಅಡಿಯ ಲೋಹದ ತುಂಡನ್ನು ಪೆಡಲಿಗೆ ಸಿಕ್ಕಿಸಿಕೊಂಡು ಓಡಿಸುವುದು ರೇಸಿನವರಲ್ಲಿ ವಾಡಿಕೆಯಾಯಿತು. ಆದರೂ ಕಲ್ಲು, ಬೇರು, ಕೊರಕಲುಗಳ ಇಳಿಜಾರಿನಲ್ಲಿ ಫ್ಲಾಟನ್ನೇ ನೆಚ್ಚಿಕೊಂಡವರು ಇಂದಿಗೂ ಬಹಳ ಮಂದಿ. ಕುಲುಕುವ ಸೈಕಲ್ಲಿನ ಮೇಲೆ ಅವರ ಪಾದ ಕದಲದೆ ನಿಲ್ಲುವುದು ಪಿನ್ನಿನಿಂದ ಎಂದು ನೋಡುವವರು ಅಂದುಕೊಳ್ಳುತ್ತಾರೆ. ಪಿನ್ನಿನ ಪಾಲೇನೂ ಕಡಿಮೆಯಲ್ಲ. ಆದರೆ ದೊಡ್ಡ ಕೆಲಸ ಹಿಮ್ಮಡಿಯದು.

ಪಾದದ ಯಾವ ಜಾಗ ಪೆಡಲಿನ ಅಚ್ಚಿನ ಮೇಲೆ ಬರಬೇಕು? ಹೆಬ್ಬೆರಳ ಬುಡದ ದಪ್ಪ ಭಾಗ ಅಚ್ಚಿನ ನೇರಕ್ಕೇ ಇರಲಿ ಎನ್ನುವುದು ರಸ್ತೆ ಸೈಕಲ್ಲಿನವರ ಹಳೆಯ ಪಾಠ. ಇಳಿಜಾರಿನ ಸವಾರರು ಪಾದವನ್ನು ಅದಕ್ಕಿಂತ ಸ್ವಲ್ಪ ಮುಂದೆ ಸರಿಸುತ್ತಾರೆ. ಅಚ್ಚು ಆಗ ಆ ದಪ್ಪ ಭಾಗಕ್ಕೂ ಅಂಗಾಲಿನ ಗುಳಿಗೂ ನಡುವೆ ಎಲ್ಲೋ ಬರುತ್ತದೆ. ಏಣಿ ಹತ್ತಿ ಗೋಡೆಗೆ ಸುಣ್ಣ ಬಳಿಯುವವರ ಕಾಲು ಗಮನಿಸಿದ್ದೀರಾ? ಮೆಟ್ಟಿಲನ್ನು ಬೆರಳ ಬುಡಕ್ಕೆ ಕೊಟ್ಟುಕೊಂಡು ಅವರು ನಿಲ್ಲುವುದಿಲ್ಲ. ಇನ್ನಷ್ಟು ಒಳಕ್ಕೆ, ಅಂಗಾಲಿಗೆ ತಂದುಕೊಳ್ಳುತ್ತಾರೆ. ಕಾರಣ ಎರಡು ಕಡೆಯೂ ಒಂದೇ. ತುದಿಗಾಲಲ್ಲಿ ನಿಂತರೆ ಮೈಭಾರವೆಲ್ಲ ಪಾದದ ಕೀಲಿನ ಮೂಲಕ ಮೀನಖಂಡದ ಮೇಲೆ ಬೀಳುತ್ತದೆ. ಅಚ್ಚು ಹಿಮ್ಮಡಿಯತ್ತ ಬಂದಷ್ಟೂ ಆ ಹೊರೆ ಇಳಿಯುತ್ತದೆ, ಕಾಲು ಬೇಗ ಸೋಲುವುದಿಲ್ಲ. ಹಾಗೆಂದು ಗುಳಿಯ ನಟ್ಟನಡುವೆಯೇ ಅಚ್ಚನ್ನು ತಂದುಕೊಂಡರೆ ಪಾದದ ಕೀಲಿಗೆ ಕೆಲಸವೇ ಇಲ್ಲದಂತಾಗಿ, ಸೈಕಲ್ ಎಗರಿಸುವಾಗ ಬೇಕಾದ ಚಿಮ್ಮು ಸಿಗುವುದಿಲ್ಲ.

ಇನ್ನು ಹಿಮ್ಮಡಿ. ಸವಾರ ಸೀಟು ಬಿಟ್ಟು ಎದ್ದು ನಿಂತಿದ್ದಾನೆ. ಎರಡು ಪೆಡಲೂ ಒಂದೇ ಮಟ್ಟದಲ್ಲಿವೆ, ಒಂದು ಮುಂದೆ, ಒಂದು ಹಿಂದೆ. ಎದುರಿಗೆ ಗೇಣೆತ್ತರದ ಕಲ್ಲು. ಕಲ್ಲಿಗೆ ಮುಂಚೆ ಬ್ರೇಕ್ ಹಿಡಿಯುತ್ತಾನೆ. ಸೈಕಲ್ಲಿನ ವೇಗ ಇಳಿಯುತ್ತದೆ, ಮೈ ಮಾತ್ರ ಅದೇ ವೇಗದಲ್ಲಿ ಮುಂದಕ್ಕೆ ನುಗ್ಗುತ್ತದೆ. ಆ ಹೊತ್ತಿಗೆ ಬೆರಳು ಕೆಳಮುಖವಾಗಿದ್ದರೆ ಪಾದ ಪೆಡಲಿನಿಂದ ಮುಂದಕ್ಕೆ ಜಾರುತ್ತದೆ, ಭಾರವೆಲ್ಲ ಹ್ಯಾಂಡಲ್ ಹಿಡಿದ ಕೈಗೆ ಬೀಳುತ್ತದೆ. ಹಿಮ್ಮಡಿ ಇಳಿದಿದ್ದರೆ ಅಂಗಾಲು ಓರೆಯಾಗಿ ಪೆಡಲಿಗೆ ಎದುರು ನಿಂತಿರುತ್ತದೆ. ಮುನ್ನುಗ್ಗುವ ಭಾರವೇ ಪಾದವನ್ನು ಪೆಡಲಿಗೆ ಒತ್ತುತ್ತದೆ. ಮರುಗಳಿಗೆಗೆ ಹಿಂದಿನ ಚಕ್ರ ಕಲ್ಲಿಗೆ ಬಡಿದು ಮೇಲೆದ್ದಾಗ ಬಾಗಿದ ಮಂಡಿ ಆ ಏಟನ್ನು ನುಂಗುತ್ತದೆ. ಚಕ್ರ ಕಲ್ಲಿನಾಚೆ ಇಳಿಯುವಾಗ ಪೆಡಲ್ ಪಾದವನ್ನು ಬಿಟ್ಟು ಕೆಳಗೆ ಹೋಗಲು ನೋಡುತ್ತದೆ. ಮಡಿಸಿಕೊಂಡ ಮಂಡಿಯಲ್ಲೂ ಪಾದದ ಕೀಲಿನಲ್ಲೂ ಚಾಚಿಕೊಳ್ಳಲು ಇನ್ನೂ ಜಾಗ ಉಳಿದಿರುವುದರಿಂದ ಅಂಗಾಲು ಅದರ ಬೆನ್ನಿಗೇ ಹೋಗುತ್ತದೆ. ಇಷ್ಟೂ ನಡೆಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಎಷ್ಟು ನೋಡಿದರೂ ನನಗೆ ಇದರ ಬೆರಗು ಕಡಿಮೆಯಾಗಿಲ್ಲ.

ಹಿಮ್ಮಡಿ ಇಳಿಸಬೇಕು ಎಂಬ ಮಾತನ್ನು ಕೆಲವರು ಅತಿ ಮಾಡುತ್ತಾರೆ. ಸದಾ ಕೊನೆಯವರೆಗೆ ಇಳಿಸಿಯೇ ನಿಂತರೆ ಮೀನಖಂಡ ಬಿಗಿದು ಪಾದದ ಕೀಲು ಅಲುಗಾಡದಂತಾಗುತ್ತದೆ. ಸಮ ದಾರಿಯಲ್ಲಿ ಅಂಗಾಲೂ ಸಮವಾಗಿದ್ದರೆ ಸಾಕು. ಬ್ರೇಕ್ ಹಿಡಿಯುವಾಗ, ಕಡಿದಾದ ಕಡೆ, ಪೆಟ್ಟು ಬೀಳುವ ಮುನ್ನ ಇಳಿಸಬೇಕು.

ಈ ವಿದ್ಯೆಯನ್ನು ನೋಡಿಯೇ ಕಲಿಯಬೇಕೆನ್ನುವವರಿಗೆ ನಾನು ಹೇಳುವ ಹೆಸರು ಆಸ್ಟ್ರೇಲಿಯಾದ ಸ್ಯಾಮ್ ಹಿಲ್. ಡೌನ್‌ಹಿಲ್‌ನಲ್ಲಿ 2006, 2007 ಮತ್ತು 2010ರ ವಿಶ್ವ ಚಾಂಪಿಯನ್, ಫ್ಲಾಟ್ ಪೆಡಲಿನ ಸವಾರ. 2007ರಲ್ಲಿ ಸ್ವಿಟ್ಜರ್ಲೆಂಡಿನ ಶಾಂಪೇರಿಯಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಮಳೆ ಸುರಿದು ಕೆಸರಾದ ಕಡಿದಾದ ಇಳಿಜಾರನ್ನು ಇಳಿದು ಮೂರನೆಯವನಾದ ಓಟ ಈ ಆಟದ ಅಭಿಮಾನಿಗಳಿಗೆ ಬಾಯಿಪಾಠ. ಮರುವರ್ಷ ಇಟಲಿಯ ವಾಲ್ ದಿ ಸೋಲೆಯ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಗುರಿ ಹತ್ತಿರವಿದ್ದಾಗ ತಿರುವಿನಲ್ಲಿ ಬಿದ್ದು, ಎದ್ದು ಓಡಿಸಿಯೂ ಕಂಚು ಗೆದ್ದ. ಆತ ಸಪಾಟು ತಿರುವಿಗೆ ಬರುವ ರೀತಿ ನೋಡಬೇಕು. ಹೊರಗಿನ ಪೆಡಲ್ ಕೆಳಗೆ, ಅದರ ಮೇಲೆ ಮೈಭಾರವೆಲ್ಲ. ಒಳಗಿನ ಕಾಲು ಪೆಡಲ್ ಬಿಟ್ಟು ನೆಲದ ಹತ್ತಿರ ಚಾಚಿರುತ್ತದೆ. ತಿರುವು ಮುಗಿಯುವಾಗ ಆ ಕಾಲು ಮತ್ತೆ ಪೆಡಲಿಗೆ ಬರುತ್ತದೆ, ಆತನ ಕಣ್ಣು ಮಾತ್ರ ಮುಂದಿನ ದಾರಿಯ ಮೇಲೇ. ಫ್ಲಾಟ್ ಪೆಡಲಿನಲ್ಲಿ ಹತ್ತಲಾಗದು ಎನ್ನುವವರಿಗೂ ಉತ್ತರ ಆತನಲ್ಲೇ ಇದೆ: ಏರನ್ನೂ ತುಳಿದು ಹತ್ತಬೇಕಾದ ಎಂಡ್ಯೂರೊ ವರ್ಲ್ಡ್ ಸೀರೀಸನ್ನು 2017ರಿಂದ 2019ರವರೆಗೆ ಸತತ ಮೂರು ವರ್ಷ ಅದೇ ಪೆಡಲಿನಲ್ಲಿ ಗೆದ್ದ.

ಕೊಂಡಿಯಿಲ್ಲದೆ ಸೈಕಲ್ಲನ್ನು ನೆಲದಿಂದ ಎತ್ತುವುದು ಹೇಗೆ ಎಂಬ ಪ್ರಶ್ನೆ ಸಹಜ. ಮುಂದಿನ ಚಕ್ರ ಎದ್ದ ಕೂಡಲೇ ಸವಾರ ಬೆರಳನ್ನು ಕೆಳಗೆ ಬಾಗಿಸಿ, ಅಂಗಾಲಿನಿಂದ ಪೆಡಲನ್ನು ಹಿಂದಕ್ಕೂ ಮೇಲಕ್ಕೂ ಒತ್ತುತ್ತಾನೆ. ಕೈ ಹ್ಯಾಂಡಲನ್ನು ಮುಂದಕ್ಕೆ ನೂಕುತ್ತದೆ. ಹಿಂದಿನ ಚಕ್ರ ತಾನಾಗಿ ಎದ್ದು ಬರುತ್ತದೆ. ಕೊಂಡಿಯಿದ್ದರೆ ಕಾಲನ್ನು ಸುಮ್ಮನೆ ಮೇಲಕ್ಕೆಳೆದರೂ ಸೈಕಲ್ ಏಳುತ್ತದೆ, ಹಾಗಾಗಿ ಈ ಒತ್ತು ಕಲಿಯದೆಯೇ ವರ್ಷಗಳು ಕಳೆಯಬಹುದು. ಹೊಸಬರು ಫ್ಲಾಟಿನಲ್ಲೇ ಶುರುಮಾಡಲಿ ಎಂದು ನಾನು ಹೇಳುವುದು ಇದಕ್ಕೇ.

ಶೂ ವಿಷಯ ಸರಳ: ಅಡಿ ಸಪಾಟಾಗಿ, ರಬ್ಬರ್ ಮೆತ್ತಗಿರಬೇಕು. ಫೈವ್ ಟೆನ್ ಕಂಪನಿ ಬಂಡೆ ಹತ್ತುವವರಿಗೆಂದು ಮಾಡಿದ ರಬ್ಬರನ್ನು ಸೈಕಲ್ ಶೂಗೂ ಹಾಕಿದ ಮೇಲೆ ಪಿನ್ನಿಗೂ ಶೂಗೂ ಗಟ್ಟಿ ನಂಟು ಬೆಳೆಯಿತು. ಆ ನಂಟು ಎಷ್ಟು ಗಟ್ಟಿಯೆಂದರೆ, ಪಾದ ತಪ್ಪು ಜಾಗದಲ್ಲಿ ಕೂತರೆ ಉಜ್ಜಿ ಸರಿಸಲು ಬರುವುದಿಲ್ಲ. ಆ ಕಾಲಿನ ಭಾರ ತೆಗೆದು, ಕೂದಲೆಳೆಯಷ್ಟು ಎತ್ತಿ, ಮತ್ತೆ ಇಡಬೇಕು. ಇದನ್ನು ಮೊದಲು ಮೈದಾನದಲ್ಲಿ, ಕೆಳಗೆ ನೋಡದೆ, ಎಡಗಾಲು ಬಲಗಾಲು ಎರಡರಲ್ಲೂ ಅಭ್ಯಾಸ ಮಾಡಬೇಕು. ಕಣಕಾಲಿಗೆ ಗಾರ್ಡ್ ಕಟ್ಟಿಕೊಂಡೇ ಮಾಡಿ. ಪಿನ್ನು ರಬ್ಬರನ್ನು ಕಚ್ಚಿದಷ್ಟೇ ಚೆನ್ನಾಗಿ ಚರ್ಮವನ್ನೂ ಕಚ್ಚುತ್ತದೆ.